ಗೂಟ ಹೊಡೆಯುವ ದಿನದ ಎಡವಟ್ಟುಗಳು: ಓದುಗರ ಪ್ರಶ್ನೆ, ಸರ್ವೇಯರ್ ಉತ್ತರ

ಕಟ್ಟಡ ಕಟ್ಟುವವರಿಂದ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ಓದಿದೆ. ಬಿರುಕು, ಸೋರಿಕೆ, ಸಿಮೆಂಟ್ ಬಗ್ಗೆ ಕೇಳುವವರು ಯಾವಾಗಲೂ ಇರುತ್ತಾರೆ. ಆದರೆ ಈ ಸಲ ಅರ್ಧಕ್ಕಿಂತ ಜಾಸ್ತಿ ಪತ್ರ ಮಾರ್ಕಿಂಗ್ ಬಗ್ಗೆಯೇ, ಅಂದರೆ ಕಟ್ಟಡ ಎಲ್ಲಿ ಬರಬೇಕು ಅಂತ ನೆಲದ ಮೇಲೆ ಗುರುತು ಹಾಕುವ ಕೆಲಸದ ಬಗ್ಗೆ. ಕಾಲಂ (ಕಾಂಕ್ರೀಟ್ ಕಂಬ) ಲೈನಿಗೆ ಬಂದಿಲ್ಲ, ರೂಮು ಸೊಟ್ಟ ಆಗಿದೆ, ಕಾಂಪೌಂಡ್ ಪಕ್ಕದವರ ಜಾಗಕ್ಕೆ ಹೋಗಿದೆ, ನೀರು ಹೊರಗೆ ಹೋಗುತ್ತಿಲ್ಲ. ನಾನು ಇಷ್ಟು ವರ್ಷ ಬಿಸಿಲಲ್ಲಿ ನಿಂತು ಮಾಡಿದ ಕೆಲಸವೇ ಇದು. ಹಾಗಾಗಿ ಇವತ್ತು ಪೂರ್ತಿ ಇದರ ಬಗ್ಗೆಯೇ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಾವು 30ಕ್ಕೆ 40 ಅಡಿಯ ಮನೆ ಕಟ್ಟುತ್ತಿದ್ದೇವೆ. ಮೇಸ್ತ್ರಿಗೆ ತುಂಬಾ ಅನುಭವ ಇದೆ. ನೂಲು ಹಿಡಿದು ಮಾರ್ಕಿಂಗ್ ನಾನೇ ಮಾಡುತ್ತೇನೆ, ಸರ್ವೇಯರ್‌ಗೆ ಸುಮ್ನೆ ಯಾಕೆ ದುಡ್ಡು ಕೊಡುತ್ತೀರಿ ಅನ್ನುತ್ತಾರೆ. ನಿಜವಾಗಿಯೂ ಬೇಕಾ?
— ಪಾಯ ತೆಗೆಯಲು ಕಾಯುತ್ತಿರುವವರು

ಉತ್ತರ: ನಿಮ್ಮ ಮೇಸ್ತ್ರಿಯ ಕೈ ಬಗ್ಗೆ ನನಗೆ ಅನುಮಾನ ಇಲ್ಲ. ನೂಲು, ಗೂಟ, ಟೇಪು, ತೂಗುಗುಂಡು ಇಷ್ಟನ್ನೇ ಇಟ್ಟುಕೊಂಡು ಕೂದಲೆಳೆ ವ್ಯತ್ಯಾಸ ಬಾರದ ಹಾಗೆ ಗೋಡೆ ಎಬ್ಬಿಸುವವರನ್ನು ನೋಡಿದ್ದೇನೆ. ಆದರೆ ಇಲ್ಲಿರುವುದು ಒಂದು ಕೆಲಸ ಅಲ್ಲ, ಎರಡು. ಕಟ್ಟಡದ ಅಳತೆ ಸರಿಯಾಗಿ ಬರಬೇಕು, ಇದು ಒಂದು. ಆ ಕಟ್ಟಡ ನಿಮ್ಮ ಜಾಗದ ಒಳಗೇ, ನಕ್ಷೆಯಲ್ಲಿ ಹೇಳಿದ ಕಡೆಯೇ ಕೂರಬೇಕು, ಇದು ಇನ್ನೊಂದು. ಮೊದಲನೆಯದರಲ್ಲಿ ಮೇಸ್ತ್ರಿ ಪಳಗಿರುತ್ತಾರೆ. ಎರಡನೆಯದಕ್ಕೆ ದಾಖಲೆ ಓದಬೇಕು, ಗಡಿಕಲ್ಲು ಹುಡುಕಬೇಕು, ಸಿಕ್ಕಿದ ಕಲ್ಲು ನೆಟ್ಟ ಜಾಗದಲ್ಲೇ ಇದೆಯಾ ಅಥವಾ ಯಾರೋ ಎತ್ತಿ ಪಕ್ಕಕ್ಕೆ ಇಟ್ಟಿದ್ದಾರಾ ಅಂತ ಸುತ್ತಲಿನ ಬೇರೆ ಕಲ್ಲುಗಳಿಂದ ಅಳೆದು ನೋಡಬೇಕು. ಅದು ಸರ್ವೇಯರ್ ಕೆಲಸ. ಮೇಸ್ತ್ರಿ ಎಷ್ಟೇ ಜಾಣರಾದರೂ ಸಿಕ್ಕಿದ ಕಲ್ಲನ್ನು ನಂಬಿ ಅಲ್ಲಿಂದ ನೂಲು ಕಟ್ಟುತ್ತಾರೆ. ಕಲ್ಲೇ ತಪ್ಪಾಗಿದ್ದರೆ ಮನೆ ಅಚ್ಚುಕಟ್ಟಾಗಿ, ಚೊಕ್ಕವಾಗಿ, ತಪ್ಪು ಜಾಗದಲ್ಲಿ ಎದ್ದು ನಿಲ್ಲುತ್ತದೆ.

ಇದು ಉತ್ಪ್ರೇಕ್ಷೆ ಅಲ್ಲ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಸಮುದ್ರದ ಪಕ್ಕ ಕಟ್ಟಿದ ದೊಡ್ಡ ಮನೆಯೊಂದು ಪೂರ್ತಿಯಾಗಿ ಪಕ್ಕದ ಪಾರ್ಕಿನ ಜಾಗದಲ್ಲಿತ್ತು. ಗೊತ್ತಾಗಿದ್ದು ಕಟ್ಟಿ ಮುಗಿಸಿ ಮಾರಲು ಹೊರಟಾಗ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯನ್ನು ಅಲ್ಲಿಂದ ತೆಗೆಯಲೇಬೇಕು ಅಂದಿತು. ಅಲ್ಲಿ ಸರ್ವೆ ಆಗಿತ್ತು, ಸರ್ವೆಯೇ ತಪ್ಪಾಗಿತ್ತು. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ, ಏಕೆಂದರೆ ಸರ್ವೇಯರ್ ಕೂಡ ತಪ್ಪಬಹುದು, ಅವರ ಕೆಲಸವನ್ನೂ ಇನ್ನೊಂದು ದಾರಿಯಿಂದ ನೋಡಬೇಕು. ಹವಾಯಿಯಲ್ಲಿ ಇನ್ನೊಂದು ಮನೆ ಹೀಗೇ ಪಕ್ಕದ ಸೈಟಿನಲ್ಲಿ ಎದ್ದು 2024ರಲ್ಲಿ ಸುದ್ದಿಯಾಯಿತು. ಅಲ್ಲಿ ಸರ್ವೆ ಮಾಡಿಸದೆ ಟೆಲಿಫೋನ್ ಕಂಬ ಎಣಿಸಿ ಸೈಟ್ ಗುರುತು ಹಿಡಿದಿದ್ದರು ಅಂತ ವರದಿಯಾಗಿತ್ತು.

ಈಗ ಮೂಲೆ 90 ಡಿಗ್ರಿಗೆ ಬರುವ ವಿಷಯ. ನಿಮ್ಮ ಮೇಸ್ತ್ರಿ 3-4-5 ಹಾಕುತ್ತಾರೆ ಅಲ್ವಾ? ಒಂದು ನೂಲಿನಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ, ಎರಡರ ನಡುವೆ 5 ಅಡಿ ಬಂದರೆ ಮೂಲೆ 90 ಡಿಗ್ರಿ. ಪಕ್ಕಾ ಲೆಕ್ಕ. ತೊಂದರೆ ಇರುವುದು ತ್ರಿಕೋನ ಚಿಕ್ಕದಾಗಿರುವುದರಲ್ಲಿ. ಆ 5 ಅಡಿಯಲ್ಲಿ ಕಾಲು ಇಂಚು ಹೆಚ್ಚುಕಮ್ಮಿ ಆದರೆ 40 ಅಡಿ ದೂರದಲ್ಲಿ ಗೋಡೆ ಸುಮಾರು 4 ಇಂಚು ಆಚೆ ಹೋಗಿರುತ್ತದೆ. ನೂಲಿನ ದಪ್ಪ, ಗಾಳಿಗೆ ಅದು ಅಲ್ಲಾಡುವುದು, ಟೇಪ್ ಹಿಡಿದವರ ಹೆಬ್ಬೆರಳು, ಇಷ್ಟು ಸಾಕು ಕಾಲು ಇಂಚು ಬರಲು. ಅದೇ ಮೇಸ್ತ್ರಿಗೆ 12-16-20 ಹಾಕಲು ಹೇಳಿ. ಅದೇ ಕಾಲು ಇಂಚಿನ ತಪ್ಪು 40 ಅಡಿಗೆ ಒಂದು ಇಂಚಿಗೆ ಇಳಿಯುತ್ತದೆ. ಖರ್ಚಿಲ್ಲ, ಉದ್ದದ ಟೇಪ್ ಇದ್ದರೆ ಆಯಿತು.

ಆಮೇಲೆ ಮೂಲೆಯಿಂದ ಮೂಲೆಗೆ ಅಳೆಯಿರಿ. 30ಕ್ಕೆ 40 ಆದರೆ ಎರಡೂ ಕಡೆ 50 ಅಡಿ ಬರಬೇಕು. ಆಗಲೇ ಹೇಳಿದ 4 ಇಂಚಿನ ಸೊಟ್ಟ ಇದ್ದರೆ ಎರಡು ಅಳತೆಗಳ ನಡುವೆ 5 ಇಂಚು ವ್ಯತ್ಯಾಸ ಕಾಣುತ್ತದೆ, ಬಚ್ಚಿಡಲು ಆಗುವುದಿಲ್ಲ. ಆದರೆ ಒಂದು ಎಚ್ಚರ, ಇದನ್ನು ಬಹಳ ಜನ ಬಿಡುತ್ತಾರೆ. ಮೂಲೆಯಿಂದ ಮೂಲೆಗೆ ಸಮ ಬಂದ ಮಾತ್ರಕ್ಕೆ ಕಟ್ಟಡ ಚೌಕ ಅಂತ ಅಲ್ಲ. ಮುಂದೆ 30, ಹಿಂದೆ 31 ಅಡಿ ಇದ್ದು ಎರಡೂ ಪಕ್ಕ ಒಂದೇ ಸಮ ಅಗಲವಾಗಿದ್ದರೂ ಆ ಎರಡು ಅಳತೆ ಒಂದೇ ಬರುತ್ತದೆ. ನಾಲ್ಕು ಪಕ್ಕ, ಮೂಲೆಯಿಂದ ಮೂಲೆಗೆ ಎರಡು, ಒಟ್ಟು ಆರು ಅಳತೆ. ಆರೂ ಬರೆದಿಟ್ಟುಕೊಳ್ಳಿ.

ಹಾಗಾಗಿ ನನ್ನ ಉತ್ತರ: ಗಡಿ ಮತ್ತು ನಾಲ್ಕು ಮೂಲೆ ಸರ್ವೇಯರ್ ಕೊಡಲಿ. ಒಳಗಿನ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ಆ ಮೂಲೆಗಳಿಂದ ಮೇಸ್ತ್ರಿ ತೆಗೆಯಲಿ. ಇಬ್ಬರೂ ಒಂದೇ ದಿನ ಸೈಟಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮೇಡಂ, ನಮ್ಮ ಪಾಯದಲ್ಲಿ ಎಂಟು ಕಾಲಂ. ಫುಟಿಂಗ್ (ಕಾಲಂ ಕೆಳಗಿನ ಅಗಲವಾದ ತಳ) ಕಾಂಕ್ರೀಟ್ ಆಗಿ ನಾಲ್ಕು ದಿನ ಆದ ಮೇಲೆ ನೂಲು ಹಿಡಿದರೆ ಒಂದು ಕಾಲಂ ಕಂಬಿ ಲೈನಿನಿಂದ 5 ಇಂಚು ಆಚೆ ಇದೆ. ಪೈಪ್ ಹಾಕಿ ಬಗ್ಗಿಸಿ ಲೈನಿಗೆ ತಂದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಅನ್ನುತ್ತಿದ್ದಾರೆ. ಒಪ್ಪಬಹುದಾ?
— ರಾತ್ರಿ ನಿದ್ದೆ ಬಾರದವರು

ಉತ್ತರ: ಒಪ್ಪಬೇಡಿ. ಈ ಸಾಲು ಓದಿದ ತಕ್ಷಣ ಫೋನ್ ಮಾಡಿ ಆ ಕಾಲಂ ಕೆಲಸ ನಿಲ್ಲಿಸಿ. ಉಳಿದ ಏಳು ಬೇಕಾದರೆ ನಡೆಯಲಿ, ಅವನ್ನೂ ಒಮ್ಮೆ ಅಳೆದ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಕಾಂಕ್ರೀಟ್‌ನಿಂದ ಹೊರಗೆ ಬಂದ ಕಡೆಯೇ ಕಂಬಿಯನ್ನು ಮುರಿದ ಹಾಗೆ ಬಗ್ಗಿಸಿದರೆ ಮೇಲಿನ ಭಾರ ನೇರವಾಗಿ ಕೆಳಗೆ ಇಳಿಯುವುದಿಲ್ಲ. ಕಂಬಿ ಸುತ್ತಲಿನ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಕಂಬಿಯನ್ನು ಓರೆ ಮಾಡಲೇಬೇಕಾದ ಕಡೆ ಇಂಜಿನಿಯರ್‌ಗಳು ಇಟ್ಟುಕೊಂಡಿರುವ ಮಿತಿ 6ಕ್ಕೆ 1. ಅಂದರೆ 5 ಇಂಚು ಪಕ್ಕಕ್ಕೆ ಹೋಗಲು 30 ಇಂಚು ಉದ್ದ ಬೇಕು. ನಿಮ್ಮ ಸೈಟಿನಲ್ಲಿ ಪೈಪ್ ಹಾಕಿ ಬಗ್ಗಿಸುವವರು ಅರ್ಧ ಅಡಿಯಲ್ಲೇ ಮುಗಿಸಿರುತ್ತಾರೆ. ಇನ್ನು ಫುಟಿಂಗ್ ಕಡೆ ನೋಡಿ. 5 ಅಡಿ ಅಗಲದ ಫುಟಿಂಗ್ ಮೇಲೆ ಭಾರ ನಡುವಿನಿಂದ 5 ಇಂಚು ಸರಿದರೆ, ಲೆಕ್ಕದ ಪ್ರಕಾರ ಒಂದು ಅಂಚಿನಲ್ಲಿ ಮಣ್ಣಿನ ಮೇಲಿನ ಒತ್ತಡ ಒಂದೂವರೆ ಪಟ್ಟಾಗುತ್ತದೆ, ಇನ್ನೊಂದು ಅಂಚಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಫುಟಿಂಗ್ ಒಂದು ಕಡೆಗೆ ವಾಲಲು ಶುರುವಾಗುವುದೇ ಹೀಗೆ. ಕಂಬಿ ಬಗ್ಗಿಸಿದ್ದು ಯಾರಿಗೂ ಗೊತ್ತಾಗದಿರಬಹುದು, ಮಣ್ಣಿಗೆ ಗೊತ್ತಾಗುತ್ತದೆ.

ದಾರಿ ಇದೆ, ಗಾಬರಿ ಬೇಡ. ಕೆಲವು ಸಲ ಕಾಲಂ ಇದ್ದಲ್ಲೇ ಬಿಟ್ಟು ಬೀಮ್ ಮತ್ತು ಗೋಡೆಯನ್ನು ಹೊಂದಿಸಿಕೊಳ್ಳಬಹುದು, ಇದು ಎಲ್ಲಕ್ಕಿಂತ ಸುಲಭ. ಕೆಲವು ಸಲ ಫುಟಿಂಗ್ ದೊಡ್ಡದು ಮಾಡಿ, ಕಾಂಕ್ರೀಟ್ ಕೊರೆದು ಹೊಸ ಕಂಬಿ ಕೂರಿಸಬೇಕಾಗುತ್ತದೆ. ಯಾವುದು ಸರಿ ಅಂತ ಹೇಳಬೇಕಾದವರು ನಕ್ಷೆಗೆ ಲೆಕ್ಕ ಹಾಕಿದ ಸ್ಟ್ರಕ್ಚರಲ್ ಇಂಜಿನಿಯರ್. ನಾನೂ ಅಲ್ಲ, ಮೇಸ್ತ್ರಿಯೂ ಅಲ್ಲ. ಅವರ ಹತ್ತಿರ ಹೋಗುವಾಗ ಸುಮಾರು 5 ಇಂಚು ಅಂತ ಬಾಯಿಮಾತಲ್ಲಿ ಹೇಳಬೇಡಿ. ಎಂಟೂ ಕಾಲಂಗಳು ಈಗ ನಿಜವಾಗಿ ಎಲ್ಲಿವೆ ಅಂತ ಸರ್ವೇಯರ್‌ನಿಂದ ಅಳತೆ ಮಾಡಿಸಿ, ಹಾಳೆಯ ಮೇಲೆ ತೆಗೆದುಕೊಂಡು ಹೋಗಿ. ಒಂದು ಕಾಲಂ ತಪ್ಪಿದೆ ಅಂತ ಬಂದವರ ಸೈಟಿನಲ್ಲಿ ಅಳೆದಾಗ ತಪ್ಪಿದ್ದು ಆ ಒಂದಲ್ಲ, ನೂಲಿಗೆ ಆಧಾರವಾಗಿದ್ದ ಪಕ್ಕದ್ದು ಅಂತ ಗೊತ್ತಾಗಿದ್ದೂ ಇದೆ.

ಇದು ಹೇಗೆ ಆಯಿತು ಅಂತ ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ. ನಾನು ನೋಡಿದ ಕಾಲಂ ತಪ್ಪುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಸುತ್ತುತ್ತವೆ.

ಒಂದು ಸೈಟಿನಲ್ಲಿ ಕಾಲಂ ಸುಮಾರು 9 ಇಂಚು ಆಚೆ ಹೋಗಿತ್ತು. ಮಣ್ಣು ಮೆತ್ತಿದ ಡ್ರಾಯಿಂಗ್ ಹಾಳೆ ತೆಗೆಸಿ ನೋಡಿದೆ. ಅದರಲ್ಲಿ 14.10 ಅಂತ ಇತ್ತು. ಡ್ರಾಯಿಂಗ್ ಮಾಡಿದವರು ದಶಮಾಂಶದ ಅಡಿಯಲ್ಲಿ ಬರೆದಿದ್ದರು, ಅಂದರೆ 14 ಅಡಿ ಒಂದು ಇಂಚಿಗಿಂತ ಚೂರು ಜಾಸ್ತಿ. ಸೈಟಿನಲ್ಲಿ ಅದನ್ನು 14 ಅಡಿ 10 ಇಂಚು ಅಂತ ಓದಿದ್ದರು. ಯಾರದ್ದೂ ಬೇಜವಾಬ್ದಾರಿ ಅಲ್ಲ. ಒಂದು ಚುಕ್ಕಿಯನ್ನು ಇಬ್ಬರು ಎರಡು ಥರ ಓದಿದರು, ಅಷ್ಟೇ. ಹಾಗಾಗಿ ಡ್ರಾಯಿಂಗ್ ಕೈಗೆ ಬಂದ ದಿನವೇ ಇದು ಅಡಿ-ಇಂಚಾ, ದಶಮಾಂಶದ ಅಡಿಯಾ, ಮೀಟರಾ ಅಂತ ಬಾಯಿಬಿಟ್ಟು ಕೇಳಿ, ಹಾಳೆಯ ಮೇಲೆ ದೊಡ್ಡದಾಗಿ ಬರೆಸಿ.

ತಪ್ಪು ಸರಿಯಾಗಿ ಒಂದು ಅಡಿ ಇದ್ದರೆ ಟೇಪ್ ನೋಡಿ. ತುದಿಯ ಕೊಂಡಿ ಸವೆದಿದೆ ಅಂತ ಒಂದು ಅಡಿ ಗುರುತಿನಿಂದ ಹಿಡಿದು ಅಳೆಯುವುದು ಒಳ್ಳೆಯ ಅಭ್ಯಾಸವೇ, ಆದರೆ ಇನ್ನೊಂದು ತುದಿಯಲ್ಲಿ ಓದುವವರು ಒಂದು ಅಡಿ ಕಳೆಯಲು ಮರೆತಿರುತ್ತಾರೆ. ತಪ್ಪು ಗೋಡೆಯ ಅರ್ಧ ದಪ್ಪದಷ್ಟಿದ್ದರೆ ಸೆಂಟರ್ ಲೈನ್ (ಗೋಡೆಯ ನಡುಗೆರೆ) ಅಳತೆಯನ್ನು ಗೋಡೆಯ ಹೊರ ಅಂಚಿನ ಅಳತೆ ಅಂದುಕೊಂಡಿದ್ದಾರೆ. ಕಾಲಂನಿಂದ ಕಾಲಂಗೆ ತುಂಡು ತುಂಡಾಗಿ ಅಳೆದಿದ್ದರೆ ಪ್ರತಿ ಸಲದ ಚೂರು ತಪ್ಪು ಕೂಡುತ್ತಾ ಹೋಗಿ ಕೊನೆಯ ಕಾಲಂ ಎದ್ದು ಕಾಣುವ ಹಾಗೆ ಆಚೆ ಇರುತ್ತದೆ. ಅದಕ್ಕೇ ಮೊದಲ ಕಾಲಂನಿಂದ ಟೇಪ್ ಎತ್ತದೆ ಎಲ್ಲವನ್ನೂ ಒಂದೇ ಎಳೆತದಲ್ಲಿ ಗುರುತು ಮಾಡಬೇಕು.

ಮತ್ತೆ ಜೆಸಿಬಿ. ಮೂಲೆಯ ಗೂಟ ಮೂಲೆಯಲ್ಲೇ ಹೊಡೆದಿದ್ದರೆ ಪಾಯ ಅಗೆದ ಮೊದಲ ಗಂಟೆಯಲ್ಲೇ ಅದು ಮಣ್ಣಿನ ಜೊತೆ ಹೋಗುತ್ತದೆ. ಆಮೇಲೆ ಇಲ್ಲೇ ಇತ್ತು ಅಂತ ಅಂದಾಜಿಗೆ ಇನ್ನೊಂದು ಹೊಡೆಯುತ್ತಾರೆ. ಗುರುತು ಯಾವಾಗಲೂ ಅಗೆಯುವ ಜಾಗದಿಂದ 4-5 ಅಡಿ ಹೊರಗೆ, ಲೈನಿನ ಎರಡೂ ತುದಿಯಲ್ಲಿ ಇರಬೇಕು. ಚಿಕ್ಕ ಕಾಂಕ್ರೀಟ್ ಕಂಬ ಮಾಡಿ ಮೇಲೆ ಮೊಳೆ ಹೊಡೆದರೆ ಬೇಕಾದಾಗ ನೂಲು ಕಟ್ಟಿಕೊಳ್ಳಬಹುದು. ನಿಮ್ಮ ಸೈಟಿನಲ್ಲಿ ಅಂಥದ್ದು ಇದ್ದಿದ್ದರೆ ಕಾಂಕ್ರೀಟ್ ಸುರಿಯುವ ಮೊದಲೇ ಹತ್ತು ನಿಮಿಷದಲ್ಲಿ ಈ 5 ಇಂಚು ಕಾಣುತ್ತಿತ್ತು.

ಪ್ರಶ್ನೆ: ಫೋನಿನ ಮ್ಯಾಪ್‌ನಲ್ಲಿ ನಮ್ಮ ಜಾಗದ ಗೆರೆ ಕಾಣುತ್ತದೆ. ಅದನ್ನು ನೋಡಿಕೊಂಡು ಬೇಲಿ ಹಾಕಿದರೆ ಸಾಲದಾ?
— ಬೇಲಿಗೆ ಕಂಬ ತಂದಿಟ್ಟವರು

ಉತ್ತರ: ಸಾಲದು. ಬಯಲಿನಲ್ಲಿ ನಿಂತರೂ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಮರ ಗೋಡೆ ಇದ್ದರೆ ಇನ್ನೂ ಜಾಸ್ತಿ. ಮ್ಯಾಪಿನ ಗೆರೆ ಕೂಡ ಕೆಳಗಿನ ಉಪಗ್ರಹ ಚಿತ್ರಕ್ಕೆ ಸರಿಯಾಗಿ ಕೂತಿರುತ್ತದೆ ಅನ್ನುವ ಖಾತ್ರಿ ಇಲ್ಲ. ಸರ್ವೇಯರ್ ತರುವ ಆರ್‌ಟಿಕೆ ಜಿಪಿಎಸ್ ಬೇರೆಯೇ ಯಂತ್ರ. ಅದು ಗೊತ್ತಿರುವ ಒಂದು ಜಾಗದಲ್ಲಿಟ್ಟ ಇನ್ನೊಂದು ಯಂತ್ರದಿಂದ ತಿದ್ದುಪಡಿ ತೆಗೆದುಕೊಂಡು 1-2 ಸೆಂಟಿಮೀಟರ್‌ಗೆ ಬರುತ್ತದೆ. ಫೋನನ್ನು ಜಾಗ ಹುಡುಕಿಕೊಂಡು ಹೋಗಲು ಇಟ್ಟುಕೊಳ್ಳಿ.

ಪ್ರಶ್ನೆ: ಮೇಡಂ, ಮನೆ ಕಟ್ಟಿ ಮುಗಿಯಿತು. ಈಗ ನೋಡಿದರೆ ಬಚ್ಚಲ ನೀರು ಹೊರಗಿನ ಚೇಂಬರ್‌ಗೆ ಸರಿಯಾಗಿ ಹರಿಯುತ್ತಿಲ್ಲ. ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಟ್ಯೂಬ್) ಹಿಡಿದೇ ಪಾಯದ ಮಟ್ಟ ಇಟ್ಟಿದ್ದೆವು. ತಪ್ಪು ಎಲ್ಲಾಯಿತು?
— ಹೊಸ ಮನೆಯವರು

ಉತ್ತರ: ಬೇಜಾರಾಯಿತು ಓದಿ. ಮೊದಲು ಪೈಪಿನಲ್ಲಿ ಏನಾದರೂ ಕಟ್ಟಿಕೊಂಡಿದೆಯಾ ನೋಡಿಸಿ. ಅದಲ್ಲದಿದ್ದರೆ ಮಟ್ಟದ ತಪ್ಪೇ, ಮತ್ತು ಅದು ಎರಡು ಕಡೆ ಆಗಿರಬಹುದು.

ಟ್ಯೂಬ್ ಲೆವೆಲ್ ಸುಳ್ಳು ಹೇಳುವ ಸಾಧನ ಅಲ್ಲ. ಆದರೆ ಅದನ್ನು ಹಿಡಿಯುವುದನ್ನು ಹತ್ತಿರದಿಂದ ನೋಡಿ. ಬಕೆಟ್‌ನಿಂದ ನೀರು ಎಳೆಯುವಾಗ ಟ್ಯೂಬಿನ ಒಳಗೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಹೆಸರುಕಾಳಿನಷ್ಟು ಚಿಕ್ಕದಾಗಿದ್ದು ಪಕ್ಕಕ್ಕೆ ಅಂಟಿಕೊಂಡಿದ್ದರೆ ಪರವಾಗಿಲ್ಲ. ಟ್ಯೂಬನ್ನು ಅಡ್ಡಕ್ಕೆ ಪೂರ್ತಿ ತುಂಬಿದ ಉದ್ದನೆಯ ಗುಳ್ಳೆ ಇದ್ದರೆ ಎರಡು ತುದಿಯ ನೀರು ಬೇರೆ ಬೇರೆ ಎತ್ತರದಲ್ಲಿ ನಿಂತು ಸಮ ಅನ್ನಿಸಿಬಿಡುತ್ತದೆ. ಇನ್ನೊಂದು, ನೀರು ಚೆಲ್ಲಬಾರದು ಅಂತ ತುದಿಗೆ ಹೆಬ್ಬೆರಳು ಒತ್ತಿ ಹಿಡಿದವರು ಅದನ್ನು ತೆಗೆಯದೆಯೇ ಗುರುತು ಹಾಕಿಸುತ್ತಾರೆ. ಎರಡೂ ತುದಿ ತೆರೆದಿರಬೇಕು, ನೀರು ಅಲ್ಲಾಡುವುದು ನಿಂತಿರಬೇಕು. ಪರೀಕ್ಷೆ ಸುಲಭ: ಕೆಲಸ ಶುರು ಮಾಡುವ ಮೊದಲು ಎರಡು ತುದಿಯನ್ನೂ ಪಕ್ಕಪಕ್ಕ ಹಿಡಿಯಿರಿ. ನೀರು ಒಂದೇ ಗೆರೆಗೆ ನಿಲ್ಲದಿದ್ದರೆ ಎಲ್ಲ ಚೆಲ್ಲಿ ಮತ್ತೆ ತುಂಬಿ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಇರುವುದು ಎರಡನೆಯ ಕಡೆ. ನಾಲ್ಕು ಮೂಲೆಯೂ ಒಂದೇ ಮಟ್ಟದಲ್ಲಿ ಬಂದಿರಬಹುದು, ಆ ಮಟ್ಟವನ್ನು ಯಾವುದರಿಂದ ತೆಗೆದುಕೊಂಡಿರಿ? ರಸ್ತೆಯಿಂದ ಇಷ್ಟು ಎತ್ತರ ಅಂತ ಕಣ್ಣಂದಾಜಿಗೆ ಇಟ್ಟಿದ್ದರೆ ಚೇಂಬರ್ ಲೆಕ್ಕಕ್ಕೇ ಬಂದಿಲ್ಲ. ನೋಡಬೇಕಾದದ್ದು ಚೇಂಬರ್ ಮುಚ್ಚಳ ಅಲ್ಲ, ಒಳಗಿನ ಪೈಪಿನ ತಳ. ಚೇಂಬರ್ 40 ಅಡಿ ದೂರ ಇದೆ, 60ಕ್ಕೆ 1 ಇಳಿಜಾರು ಕೊಡಬೇಕು ಅಂದುಕೊಳ್ಳಿ. ಆಗ ಮನೆ ಹತ್ತಿರದ ಪೈಪಿನ ತಳ ಚೇಂಬರ್‌ನಲ್ಲಿರುವ ತಳಕ್ಕಿಂತ 8 ಇಂಚು ಮೇಲಿರಬೇಕು. ಬಚ್ಚಲ ನೆಲ ಅದಕ್ಕಿಂತ ಇನ್ನೂ ಮೇಲೆ. ಈ ಲೆಕ್ಕ ಪಾಯದ ಎತ್ತರ ತೀರ್ಮಾನಿಸುವ ಮೊದಲೇ ಆಗಬೇಕಿತ್ತು. ಈಗ ಸರ್ವೇಯರ್ ಕರೆಸಿ, ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು ಯಂತ್ರ) ಇಟ್ಟು ಬಚ್ಚಲಿನಿಂದ ಚೇಂಬರ್‌ವರೆಗೆ ಪೈಪಿನ ಮಟ್ಟ ಓದಿಸಿ. ಎರಡು ತುದಿಯ ನಡುವೆ ಸಾಕಷ್ಟು ಇಳಿತ ಇದ್ದು ಮಧ್ಯದಲ್ಲಿ ಎಲ್ಲೋ ಪೈಪ್ ಉಬ್ಬಿದೆ ಅಂತಾದರೆ ಅಷ್ಟು ಉದ್ದ ಮಾತ್ರ ಅಗೆದು ಸರಿ ಮಾಡಬಹುದು. ನೆಲ ಒಡೆಯುವ ಮಾತು ಆಮೇಲೆ.

ಮಟ್ಟದಲ್ಲಿ ದೊಡ್ಡದೊಡ್ಡವರೂ ಎಡವುತ್ತಾರೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ರೈನ್ ನದಿಗೆ ಲೌಫೆನ್‌ಬುರ್ಗ್ ಅನ್ನುವಲ್ಲಿ ಸೇತುವೆ ಕಟ್ಟುತ್ತಿದ್ದರು. ಜರ್ಮನಿಯ ಎತ್ತರದ ಲೆಕ್ಕ ಆಮ್‌ಸ್ಟರ್‌ಡ್ಯಾಮ್‌ನ ಸಮುದ್ರ ಮಟ್ಟದಿಂದ ಬಂದದ್ದು, ಸ್ವಿಟ್ಜರ್ಲೆಂಡಿನದ್ದು ಮಾರ್ಸೇಲ್‌ನಿಂದ. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸ. ಇದು ಎಲ್ಲರಿಗೂ ಗೊತ್ತಿತ್ತು, ಲೆಕ್ಕಕ್ಕೂ ತೆಗೆದುಕೊಂಡಿದ್ದರು. ಆದರೆ ಕೂಡುವ ಕಡೆ ಕಳೆದರೋ, ಕಳೆಯುವ ಕಡೆ ಕೂಡಿದರೋ, ಅಂತೂ ದಿಕ್ಕು ಉಲ್ಟಾ ಆಯಿತು. 27 ಹೋಗಿ 54 ಸೆಂಟಿಮೀಟರ್ ಆಯಿತು. 2003ರಲ್ಲಿ, ಸೇತುವೆ ಕೂಡುವ ಮೊದಲೇ, ತಪ್ಪು ಸಿಕ್ಕಿತು, ಸರಿ ಮಾಡಿದರು. ಮನೆ ಕಟ್ಟುವಾಗಲೂ ಇದೇ ಪಾಠ ಬೇಕು. ಸೈಟಿನಲ್ಲಿ ಅಲ್ಲಾಡದ ಒಂದು ಜಾಗ ಗೊತ್ತು ಮಾಡಿ, ಬಣ್ಣ ಬಳಿದು, ಅದೇ ಬೆಂಚ್ ಮಾರ್ಕ್ ಅಂತ ಎಲ್ಲರಿಗೂ ಹೇಳಿ. ಪ್ಲಂಬರ್, ಮೇಸ್ತ್ರಿ, ಟೈಲ್ಸ್ ಹಾಕುವವರು ಮೂವರೂ ಅದೊಂದರಿಂದಲೇ ಅಳೆಯಲಿ.

ಪ್ರಶ್ನೆ: ಮೇಡಂ, ನಾನು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿನಿ. ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಯಂತ್ರ) ಇರುವಾಗ ಮಾರ್ಕಿಂಗ್ ತಪ್ಪಲು ಸಾಧ್ಯವೇ? ಮುಂದೆ ಸರ್ವೇಯರ್ ಅನ್ನುವ ಕೆಲಸವೇ ಇರುವುದಿಲ್ಲ ಅಂತ ಗೆಳತಿಯರು ಹೇಳುತ್ತಾರೆ.
— ಎರಡನೇ ವರ್ಷದ ವಿದ್ಯಾರ್ಥಿನಿ

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ತಪ್ಪಲು ಸಾಧ್ಯ. ಒಂದು ಬೆಳಗಿನ ಕಥೆ ಹೇಳುತ್ತೇನೆ.

ಹಿಂದಿನ ದಿನ ನಾನೇ ಹೊಡೆದ ಗೂಟದ ಮೇಲೆ ಯಂತ್ರ ಕೂರಿಸಿದೆ. ಬ್ಯಾಕ್‌ಸೈಟ್‌ಗೆ, ಅಂದರೆ ಯಂತ್ರಕ್ಕೆ ದಿಕ್ಕು ತೋರಿಸಲು, ಇನ್ನೊಂದು ಗೂಟ, ಅದರ ಮೇಲೆ ಹುಡುಗ ಪ್ರಿಸಂ (ಯಂತ್ರದ ಬೆಳಕನ್ನು ವಾಪಸ್ ಕಳಿಸುವ ಗಾಜು) ಹಿಡಿದು ನಿಂತ. ದೂರ 24.380 ಮೀಟರ್ ಬರಬೇಕಿತ್ತು. 24.412 ತೋರಿಸಿತು. ಪ್ರಿಸಂ ಓರೆಯಾಗಿರಬಹುದು ಅಂತ ಮತ್ತೆ ಹಿಡಿಸಿದೆ. 24.412. 32 ಮಿಲಿಮೀಟರ್, ಒಂದೂಕಾಲು ಇಂಚು. ಕಾಂಕ್ರೀಟ್ ಗಾಡಿ ಬರುವ ಹೊತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನಡೆದುಕೊಂಡು ಹೋಗಿ ಗೂಟದ ಹತ್ತಿರ ಕೂತೆ. ಗೂಟದ ಒಂದು ಪಕ್ಕ ಮಣ್ಣು ಗಟ್ಟಿ, ಇನ್ನೊಂದು ಪಕ್ಕ ಬೆರಳು ಹೋಗುವಷ್ಟು ಸಂದು. ತಲೆಯ ಮೇಲೆ ಹೊಸದಾಗಿ ಉಜ್ಜಿದ ಗುರುತು. ರಾತ್ರಿ ಯಾವುದೋ ಗಾಡಿಯ ಚಕ್ರ ತಾಗಿತ್ತು. ಆ ಓದನ್ನು ನಾನು ನೋಡದೆ ಓಕೆ ಒತ್ತಿದ್ದರೆ, ಯಂತ್ರ ಅವತ್ತಿನ ಎಲ್ಲ ಕಾಲಂಗಳನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ತಪ್ಪು ಜಾಗದಲ್ಲಿ ತೋರಿಸುತ್ತಿತ್ತು.

ಯಂತ್ರಕ್ಕೆ ನೀವು ಕೊಟ್ಟದ್ದಷ್ಟೇ ಗೊತ್ತು. ಹಳೆ ಡ್ರಾಯಿಂಗ್‌ನಿಂದ ತೆಗೆದ ಕೋಆರ್ಡಿನೇಟ್ (ಬಿಂದು ಎಲ್ಲಿದೆ ಅಂತ ಹೇಳುವ ಅಂಕಿ) ಹಾಕಿದರೆ ಹಳೆ ಮನೆಯನ್ನೇ ಗುರುತು ಮಾಡಿಕೊಡುತ್ತದೆ. ಆರ್ಕಿಟೆಕ್ಟ್ ಡ್ರಾಯಿಂಗ್ ಬದಲಾಗಿ ಸ್ಟ್ರಕ್ಚರಲ್ ಡ್ರಾಯಿಂಗ್ ಬದಲಾಗದೆ ಇರುವುದು ದಿನಾ ನೋಡುವ ವಿಷಯ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಗ್ರಿಡ್ ಲೈನುಗಳ (ಕಾಲಂಗಳು ಕೂರುವ ಗೆರೆಗಳ) ಒಳಗಿನ ಅಳತೆಗಳನ್ನು ಕೂಡಿ ಒಟ್ಟು ಅಳತೆಗೆ ಸರಿ ಬರುತ್ತದೆಯಾ ನೋಡಿ. ಕೂಡಿಕೆ ತಾಳೆಯಾಗದ ಡ್ರಾಯಿಂಗ್ ನನ್ನ ಕೈಗೆ ಎಷ್ಟೋ ಸಲ ಬಂದಿದೆ. ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ಪ್ರಿಂಟ್ ತೆಗೆಯುವಾಗಲೇ ಅದು ಚಿಕ್ಕದು ದೊಡ್ಡದು ಆಗಿರುತ್ತದೆ. ಬರೆದ ಅಂಕಿ ಇಲ್ಲದಿದ್ದರೆ ಕೇಳಿ.

ಎಲ್ಲ ಗುರುತು ಮಾಡಿದ ಮೇಲೆ ಯಂತ್ರವನ್ನು ಬೇರೆ ಜಾಗಕ್ಕೆ ಎತ್ತಿಟ್ಟು ಕೆಲವು ಬಿಂದುಗಳನ್ನು ಮತ್ತೆ ಓದಿ, ಇಲ್ಲದಿದ್ದರೆ ಸ್ಟೀಲ್ ಟೇಪ್ ಹಿಡಿದು ನಡುವಿನ ದೂರ ನೋಡಿ. ಹಾಕಿದ ದಾರಿಯಲ್ಲೇ ವಾಪಸ್ ನೋಡಿದರೆ ತಪ್ಪು ಕಾಣುವುದಿಲ್ಲ. ಟೇಪನ್ನೂ ತಿಳಿದುಕೊಂಡು ಬಳಸಿ. 30 ಮೀಟರ್ ಸ್ಟೀಲ್ ಟೇಪ್ 20 ಡಿಗ್ರಿ ಬಿಸಿ ಏರಿದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಇಳಿಜಾರಿನದು. 30 ಮೀಟರ್‌ಗೆ 3 ಮೀಟರ್ ಏರು ಇರುವ ಕಡೆ ನೆಲಕ್ಕೆ ತಾಗಿಸಿ ಅಳೆದರೆ 15 ಸೆಂಟಿಮೀಟರ್ ಜಾಸ್ತಿ ಓದಿರುತ್ತೀರಿ. ನಕ್ಷೆಯ ಅಳತೆ ಯಾವಾಗಲೂ ಅಡ್ಡ ಮಟ್ಟದ್ದು.

ಕೆಲಸ ಇರುತ್ತದೆಯಾ ಅಂತ ಕೇಳಿದಿರಿ. ಡ್ರೋನ್, ಸ್ಕ್ಯಾನರ್ ಎಲ್ಲ ಬಂದಿವೆ, ಕಲಿಯಿರಿ, ನಾನೂ ಕಲಿಯುತ್ತಿದ್ದೇನೆ. ಆದರೆ ಗೂಟದ ಪಕ್ಕದ ಆ ಸಂದನ್ನು ಕೂತು ನೋಡಿ, ಕಾಂಕ್ರೀಟ್ ಗಾಡಿ ನಿಲ್ಲಿಸಿ ಅಂತ ಹೇಳುವವರು ಸೈಟಿನಲ್ಲಿ ಒಬ್ಬರು ಬೇಕು. ನೀವು ಬನ್ನಿ.

ಪ್ರಶ್ನೆ: ನಮ್ಮ ಕಾಂಪೌಂಡ್ ಪಕ್ಕದವರ ಜಾಗದಲ್ಲಿ ಒಂದೂವರೆ ಅಡಿ ಹೋಗಿದೆ ಅಂತ ಅವರ ಸರ್ವೇಯರ್ ಹೇಳಿದ್ದಾರೆ. ನಮ್ಮ ಸರ್ವೇಯರ್ ಇಲ್ಲ ಅನ್ನುತ್ತಾರೆ. ಎರಡು ಮನೆಯವರೂ ಚೆನ್ನಾಗಿದ್ದೆವು, ಈಗ ಮಾತು ನಿಂತಿದೆ. ಯಾರನ್ನು ನಂಬುವುದು?
— ಮಧ್ಯದ ಗೋಡೆಯ ಈಚೆಯವರು

ಉತ್ತರ: ಇಬ್ಬರು ಸರ್ವೇಯರ್‌ಗಳಿಗೂ ಒಂದೇ ಪ್ರಶ್ನೆ ಕೇಳಿ: ನೀವು ಯಾವ ಕಲ್ಲಿನಿಂದ ಶುರು ಮಾಡಿದಿರಿ? ಹತ್ತರಲ್ಲಿ ಎಂಟು ಸಲ ಜಗಳದ ಬೇರು ಅಲ್ಲೇ ಇರುತ್ತದೆ, ಇದು ನನ್ನ ಅನುಭವದ ಮಾತು. ಒಬ್ಬರು ರಸ್ತೆ ಅಂಚಿನಿಂದ ಅಳೆದಿರುತ್ತಾರೆ, ಇನ್ನೊಬ್ಬರು ಹಿಂದಿನ ಕಲ್ಲಿನಿಂದ. ಇಬ್ಬರ ಅಳತೆಯೂ ಸರಿ, ಶುರುವಾದ ಜಾಗ ಬೇರೆ. ಒಬ್ಬರ ಕಡೆ ಮೂಲ ದಾಖಲೆ ಇದ್ದು ಇನ್ನೊಬ್ಬರ ಕಡೆ ಆಮೇಲಿನ ನಕಲು ಇದ್ದರೂ ಹೀಗಾಗುತ್ತದೆ.

ಇಬ್ಬರನ್ನೂ ಒಂದೇ ದಿನ, ಎರಡೂ ಮನೆಯವರ ಎದುರು, ಎರಡೂ ಕಡೆಯ ಕಾಗದ ಇಟ್ಟುಕೊಂಡು ಅಳೆಯಲು ಹೇಳಿ. ಆಗದಿದ್ದರೆ ಇಬ್ಬರೂ ಒಪ್ಪುವ ಮೂರನೆಯವರು. ಅಲ್ಲಿಯವರೆಗೆ ಕಲ್ಲು ಅಲ್ಲಾಡಿಸಬೇಡಿ, ಗೋಡೆ ಒಡೆಯಬೇಡಿ, ಎತ್ತರಿಸಲೂ ಬೇಡಿ. ಒಂದು ತಿಳಿದಿರಲಿ, ಸರ್ವೇಯರ್ ತೀರ್ಪು ಕೊಡುವವರಲ್ಲ. ದಾಖಲೆ ಹೀಗಿದೆ, ನೆಲದ ಮೇಲೆ ಹೀಗಿದೆ, ನಡುವೆ ಇಷ್ಟು ವ್ಯತ್ಯಾಸ ಇದೆ ಅಂತ ಯಾರ ಪರವೂ ವಹಿಸದೆ ತೋರಿಸುವವರು. ಒಡೆತನದ ಮಾತು ನೀವಿಬ್ಬರು ಒಪ್ಪಂದದಿಂದ ಮುಗಿಸಬೇಕು, ಇಲ್ಲದಿದ್ದರೆ ನ್ಯಾಯಾಲಯ. ದುಡ್ಡು ಕೊಟ್ಟವರ ಕಡೆಗೆ ಗೆರೆ ಸರಿಸಿಕೊಡುವ ಸರ್ವೇಯರ್ ಸಿಕ್ಕರೆ ಅವರಿಂದ ದೂರ ಇರಿ, ನಿಮ್ಮ ಪರವಾಗಿ ಸರಿಸಿದ್ದರೂ ಸರಿ. ಮತ್ತೆ, ಇವತ್ತೇ ಹೋಗಿ ಪಕ್ಕದವರ ಹತ್ತಿರ ಮಾತಾಡಿ. ಒಟ್ಟಿಗೆ ಅಳೆಸೋಣ ಬನ್ನಿ ಅನ್ನುವುದು ಜಗಳದ ಮಾತಲ್ಲ.

ಪ್ರಶ್ನೆ: ಸರ್ವೇಯರ್ ಬಂದು ಗೂಟ ಹೊಡೆದು ಹೋದರು. ಅವರಿಂದ ಏನಾದರೂ ಬರೆಸಿಕೊಳ್ಳಬೇಕಿತ್ತಾ? ಮತ್ತೆ ಕರೆಯಬೇಕಾ?
— ನಾಳೆ ಅಗೆಯುವವರು

ಉತ್ತರ: ಅಗೆಯುವ ಮೊದಲೇ ಕೇಳಿದಿರಲ್ಲ, ಒಳ್ಳೆಯದಾಯಿತು. ಇವತ್ತೇ ಫೋನ್ ಮಾಡಿ ಸಹಿ ಇರುವ ಸ್ಕೆಚ್ ತರಿಸಿಕೊಳ್ಳಿ. ಅದರಲ್ಲಿ ಯಾವ ಗಡಿಕಲ್ಲುಗಳಿಂದ ಅಳೆದರು, ಗಡಿಯಿಂದ ಕಟ್ಟಡಕ್ಕೆ ನಾಲ್ಕೂ ಕಡೆ ಎಷ್ಟು ಬಿಟ್ಟಿದ್ದಾರೆ, ಹೊರಗಿನ ಗುರುತುಗಳು ಎಲ್ಲಿವೆ, ಬೆಂಚ್ ಮಾರ್ಕ್ ಯಾವುದು, ಯಾವ ತಾರೀಖಿನ ಡ್ರಾಯಿಂಗ್ ನೋಡಿ ಹಾಕಿದರು, ಇಷ್ಟು ಇರಲಿ. ಗೂಟಗಳ ಫೋಟೋ ತೆಗೆದಿಡಿ, ಹಿಂದೆ ಮನೆ ಅಥವಾ ಕಂಬ ಏನಾದರೂ ಕಾಣುವ ಹಾಗೆ.

ಮತ್ತೆ ಕರೆಯಬೇಕು. ಕಾಲಂ ಕಂಬಿ ನಿಂತ ಮೇಲೆ, ಫುಟಿಂಗ್ ಕಾಂಕ್ರೀಟ್ ಹಾಕುವ ಹಿಂದಿನ ದಿನ ಒಮ್ಮೆ. ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಸುರಿಯಲು ಸೆಂಟ್ರಿಂಗ್, ಅಂದರೆ ಅಚ್ಚು, ಕಟ್ಟಿ ಆದಾಗ ಇನ್ನೊಮ್ಮೆ. ಗೋಡೆ ಏಳುವ ಮೊದಲು ಕಟ್ಟಡ ನಿಜವಾಗಿ ಎಲ್ಲಿ ಕೂತಿದೆ ಅಂತ ಅಳೆದು ಕೊನೆಯ ಸ್ಕೆಚ್ ಮಾಡಿಸಿ. ಆ ಕೊನೆಯದನ್ನು ಮನೆಯ ಕಾಗದಪತ್ರದ ಜೊತೆ ಇಡಿ. ನಾಳೆ ಮೇಲೆ ಮಹಡಿ ಏರಿಸುವಾಗಲೋ, ಪಕ್ಕದಲ್ಲಿ ಯಾರಾದರೂ ಪಾಯ ತೆಗೆಯುವಾಗಲೋ ಬರುವ ಸರ್ವೇಯರ್ ಮೊದಲು ಕೇಳುವುದು ಅದನ್ನೇ.